ಮನೆಯ ದಾಸವಾಳಕ್ಕೆ ಬೇವಿನ ಸೋಪು: ಬಳಸಿ ನೋಡಿದವರ ಅಭಿಪ್ರಾಯ

ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1967ರಿಂದ ಕೆಲಸ ಮಾಡುತ್ತಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತರಕಾರಿ ಬೆಳೆಗಾರರಿಗಾಗಿ ರೂಪಿಸಿದ, ನೀರಿನಲ್ಲಿ ಕರಗಿಸಿ ಗಿಡಕ್ಕೆ ಸಿಂಪಡಿಸುವ ಬೇವಿನ ಸೋಪಿನ ಹೆಸರನ್ನು ಕೃಷಿಮೇಳ, ತೋಟಗಾರಿಕೆ ಮೇಳಗಳಿಗೆ ಹೋಗಿಬರುವ ಹಲವರು ಕೇಳಿರುತ್ತಾರೆ. ಎಲೆಕೋಸು, ಹೂಕೋಸುಗಳನ್ನು ತಿನ್ನುವ ಹುಳುಗಳಿಗೆ ಮತ್ತೆ ಮತ್ತೆ ವಿಷ ಹೊಡೆಯುವ ಕಷ್ಟದಿಂದ ರೈತರನ್ನು ಪಾರುಮಾಡುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಸಂಸ್ಥೆಯಿಂದ ಪರವಾನಗಿ ಪಡೆದ ಬೇರೆ ಬೇರೆ ತಯಾರಕರೂ ಈಗ ಅದನ್ನು ಮಾಡಿ ಮಾರುತ್ತಾರೆ. ಹೊಲದಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ರೈತರೇ ಹೇಳಬೇಕು. ತಾರಸಿಯ ಮೇಲೆ, ಕಾಂಪೌಂಡಿನ ಬದಿಯಲ್ಲಿ, ಬಾಲ್ಕನಿಯ ಕುಂಡದಲ್ಲಿ ನಾಲ್ಕಾರು ದಾಸವಾಳದ ಗಿಡಗಳನ್ನಿಟ್ಟುಕೊಂಡು ಬಿಳಿಪುಡಿ ಹೊದ್ದು ಗಿಡದ ರಸ ಹೀರುವ ಹಿಟ್ಟು ತಿಗಣೆಯ ಕಾಟದಿಂದ ಬೇಸತ್ತಿರುವವರಿಗೆ ಅದು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯ ದಾಸವಾಳಕ್ಕೆ ಇದಕ್ಕಿಂತ ನಂಬಿಕಸ್ಥವಾದ ಪದಾರ್ಥ ನನಗೆ ಇದುವರೆಗೆ ಸಿಕ್ಕಿಲ್ಲ. ಆದರೆ ಇದು ಒಮ್ಮೆ ಸಿಂಪಡಿಸಿ ಮರೆತುಬಿಡುವ ಔಷಧಿಯಲ್ಲ. ಎಲೆ ಎಲೆಯ ಅಡಿಯನ್ನೂ ನೋಡುವ ತಾಳ್ಮೆ ಇದ್ದವರಿಗೆ, ಜೊತೆಗೆ ಇರುವೆಗಳ ದಾರಿಯನ್ನು ಕಡಿಯುವವರಿಗೆ ಮಾತ್ರ ಇದು ಪೂರ್ಣ ಫಲ ಕೊಡುತ್ತದೆ.

ವಿಷಕ್ಕೆ ಬದಲಾಗಿ ಸೋಪನ್ನೇ ಏಕೆ ಆರಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ದಾಸವಾಳವು ನಮ್ಮ ಮನೆಗಳಲ್ಲಿ ಬರಿಯ ಅಲಂಕಾರದ ಗಿಡವಾಗಿ ಉಳಿದಿಲ್ಲ. ಬೆಳಗಿನ ಪೂಜೆಗೆ ಗಣಪತಿಗೂ ದೇವಿಗೂ ಅದೇ ಕೆಂಪು ಹೂವು ಬೇಕು. ಎಲೆಯನ್ನು ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚಿಕೊಳ್ಳುವವರು ಮಲೆನಾಡಿನಲ್ಲೂ ಕರಾವಳಿಯಲ್ಲೂ ಇಂದಿಗೂ ಬೇಕಾದಷ್ಟು ಮಂದಿ ಇದ್ದಾರೆ. ಹೂವಿನಿಂದ ತಂಬುಳಿ ಮಾಡುವ ಮನೆಗಳೂ ಇವೆ. ಇಂತಹ ಗಿಡದ ಬುಡಕ್ಕೆ ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಕೀಟನಾಶಕವನ್ನು ಸುರಿದರೆ ಅದು ಬೇರಿನಿಂದ ಏರಿ ಎಲೆ, ಚಿಗುರುಗಳನ್ನೆಲ್ಲ ಸೇರುತ್ತದೆ, ಹೂವಿನ ಮಕರಂದಕ್ಕೂ ಇಳಿಯಬಲ್ಲದು. ಹಿಟ್ಟು ತಿಗಣೆ ಸಾಯುತ್ತದೆ ಎಂಬುದು ನಿಜವಾದರೂ, ಆ ಮಕರಂದಕ್ಕಾಗಿ ದಿನವೂ ಬರುವ ಜೇನುನೊಣ ಮತ್ತು ಸೂರಕ್ಕಿಗಳ ಪಾಲಿಗೂ ಅದೇ ವಿಷ ಹೋಗುತ್ತದೆ ಎಂಬುದನ್ನು ತಿಳಿದ ಮೇಲೆ ಆ ಸೀಸೆಯ ಮುಚ್ಚಳ ತೆರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಸೋಪಿನ ದ್ರಾವಣವು ಗಿಡದೊಳಕ್ಕೆ ಹಾಗೆ ಹರಡಿಕೊಳ್ಳುವುದಿಲ್ಲ. ಮೈಗೆ ತಗುಲಿದ ಕೀಟವನ್ನು ಕೊಲ್ಲುತ್ತದೆ, ಒಣಗಿದ ಮೇಲೆ ಅದರ ಸೋಪಿನ ಗುಣ ಮುಗಿದಂತೆ. ಎಲೆಯ ಮೇಲೆ ಉಳಿದ ಬೇವಿನ ಅಂಶವೂ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಈ ಗುಣವೇ ಅದರ ಬಲ, ಈ ಗುಣವೇ ಅದರ ಮಿತಿ ಕೂಡ.

ಹಿಟ್ಟು ತಿಗಣೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಮಿತಿಯ ಅರ್ಥ ಬೇಗ ಆಗುತ್ತದೆ. ದಾಸವಾಳಕ್ಕೆ ಬರುವ ಹಿಟ್ಟು ತಿಗಣೆಗಳು ಒಂದೇ ಜಾತಿಯವಲ್ಲ. ಗುಲಾಬಿ ಬಣ್ಣದ ಮೈಯ ಮೇಲೆ ಬಿಳಿಯ ಮೇಣದ ಪುಡಿ ಹೊದ್ದಿರುವ ಜಾತಿಯು ಚಿಗುರಿನ ತುದಿಯನ್ನೇ ಹಿಡಿಯುತ್ತದೆ. ಅದು ರಸ ಹೀರುವಾಗ ಗಿಡದೊಳಕ್ಕೆ ಸೇರುವ ಜೊಲ್ಲು ಎಲೆಯ ಬೆಳವಣಿಗೆಯನ್ನೇ ಕೆಡಿಸುವುದರಿಂದ ಹೊಸ ಎಲೆಗಳು ಅರಳದೆ ಮುದುರಿಕೊಂಡು, ಗಂಟಿನಂತೆ ಒತ್ತೊತ್ತಾಗಿ ಕೂರುತ್ತವೆ. ಹತ್ತಿ ಬೆಳೆಯನ್ನು ಕಾಡಿ ಹೆಸರು ಕೆಡಿಸಿಕೊಂಡ ಇನ್ನೊಂದು ಜಾತಿಯ ಬೆನ್ನಿನ ಮೇಲೆ ಬಿಳಿಪುಡಿಯ ನಡುವೆ ಕಪ್ಪು ಚುಕ್ಕೆಗಳ ಸಾಲು ಕಾಣುತ್ತದೆ. ಅದು ಕಾಂಡದ ಉದ್ದಕ್ಕೂ ಎಲೆಯ ತೊಟ್ಟಿನ ಕಂಕುಳಲ್ಲೂ ನೆಲೆಯೂರುತ್ತದೆ. ಮುದುರಿದ ಒಂದು ಚಿಗುರನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಒಳಗೆ ಹತ್ತಿಯ ಎಳೆಗಳಂತಹ ಚೀಲವೂ ಅದರೊಳಗೆ ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಮೊಟ್ಟೆಗಳೂ, ಚೀಲದ ಅಂಚಿನಿಂದ ಆಗಷ್ಟೇ ಹೊರಟ, ಬರಿಗಣ್ಣಿಗೆ ಧೂಳಿನ ಕಣದಂತೆ ತೋರುವ ಮರಿಗಳೂ ಕಾಣಿಸುತ್ತವೆ. ಗುಲಾಬಿ ಜಾತಿಯ ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಸುಮಾರು ಒಂದು ವಾರ ಸಾಕು. ಬೆಚ್ಚಗಿನ ದಿನಗಳಲ್ಲಿ ಒಂದು ತಲೆಮಾರು ತಿಂಗಳ ಆಸುಪಾಸಿನಲ್ಲಿ ಮುಗಿದು ಇನ್ನೊಂದು ಶುರುವಾಗುತ್ತದೆ. ಫೆಬ್ರವರಿಯಿಂದ ಮೇ ತನಕದ ಒಣ ಬಿಸಿಲಿನಲ್ಲಿ ಗಿಡವನ್ನು ಎರಡು ವಾರ ಗಮನಿಸದೆ ಬಿಟ್ಟರೆ ಮೊಗ್ಗು, ಎಲೆ, ಕಾಂಡಗಳೆಲ್ಲ ಬೆಳ್ಳಗಾಗಿ ನಿಲ್ಲುವುದು ಇದೇ ಕಾರಣಕ್ಕೆ.

ಈಗ ಸೋಪಿನ ವಿಷಯಕ್ಕೆ ಬರೋಣ. ನನಗೆ ಸಿಕ್ಕಿದ್ದು ಕಂದುಹಳದಿ ಬಣ್ಣದ, ಸ್ವಲ್ಪ ಮೆತ್ತಗಿನ, ಬಟ್ಟೆ ಸೋಪಿನಂತಹದೇ ಕಟ್ಟಿ. ಪೊಟ್ಟಣ ಬಿಚ್ಚಿದೊಡನೆ ಬೇವಿನೆಣ್ಣೆಯ ಖಾರವಾದ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಅಡುಗೆಮನೆಯಲ್ಲಿ ಇದನ್ನು ಇಡುವ ಯೋಚನೆ ಬೇಡ. ತರಕಾರಿ ಬೆಳೆಗಳಿಗೆ ಲೀಟರ್ ನೀರಿಗೆ 10 ಗ್ರಾಂ ಆಸುಪಾಸಿನ ಪ್ರಮಾಣವನ್ನು ಹೇಳುವುದು ರೂಢಿ. ದಾಸವಾಳಕ್ಕೆ ನಾನು 5 ಗ್ರಾಂನಿಂದ ಶುರುಮಾಡಿ, ಎಲೆಗೆ ತೊಂದರೆಯಾಗಿಲ್ಲ ಎಂದು ಖಚಿತವಾದ ಮೇಲೆ 8 ಗ್ರಾಂವರೆಗೆ ಏರಿಸುತ್ತೇನೆ. ಕಟ್ಟಿಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು, ಒಂದು ಲೋಟ ಬಿಸಿನೀರಿನಲ್ಲಿ ಕದಡಿ, ಪೂರ್ತಿ ಕರಗಿದ ಮೇಲೆ ಉಳಿದ ತಣ್ಣೀರಿಗೆ ಸೇರಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿಕೊಂಡರೆ ಸಿಂಪಡಿಸುವ ಬಾಟಲಿಯ ಮೂತಿ ಕಟ್ಟಿಕೊಳ್ಳುವುದಿಲ್ಲ. ದ್ರಾವಣ ಹಾಲು ಬೆರೆಸಿದ ನೀರಿನಂತೆ ಒಂದೇ ಸಮನಾಗಿ ಕಾಣಬೇಕು, ಮೇಲೆ ಎಣ್ಣೆ ತೇಲಬಾರದು. ಬೇವಿನೆಣ್ಣೆಯನ್ನು ಮನೆಯಲ್ಲೇ ನೀರಿಗೆ ಬೆರೆಸಲು ಹೊರಟವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಎಣ್ಣೆ ಎಷ್ಟು ಕುಲುಕಿದರೂ ಬೇರ್ಪಟ್ಟು ಮೇಲೆ ಬಂದು, ಮೊದಲು ಸಿಂಪಡಿಸಿದ ಗಿಡಕ್ಕೆ ಬರೀ ನೀರು, ಕೊನೆಯ ಗಿಡಕ್ಕೆ ಬರೀ ಎಣ್ಣೆ ಎಂಬಂತಾಗಿ ಕೊನೆಯ ಗಿಡದ ಎಲೆ ಸುಟ್ಟುಹೋಗುತ್ತದೆ. ಸೋಪಿನಲ್ಲಿ ಆ ಭಯವಿಲ್ಲ.

ನೀರಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಈ ಸೋಪು ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಅನೇಕರ ತೊಂದರೆ ಇಲ್ಲೇ ಇರುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಡನೆ ಸೇರಿ ಕರಗದ ಬಿಳಿಯ ಗಸಿಯಾಗುತ್ತವೆ. ಬಟ್ಟೆ ಒಗೆಯುವಾಗ ನೊರೆ ಬರದಿರುವುದೂ ಇದರಿಂದಲೇ. ಗಸಿಯಾಗಿ ಹೋದ ಸೋಪು ತಿಗಣೆಯನ್ನು ಕೊಲ್ಲುವ ಕೆಲಸಕ್ಕೆ ಉಳಿಯುವುದಿಲ್ಲ, ಮೇಲಾಗಿ ಎಲೆಯ ಮೇಲೆ ಕಲೆ ಬಿಡುತ್ತದೆ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಉತ್ತಮ, ಕಾವೇರಿ ನೀರೂ ಆಗಬಹುದು, ಎರಡೂ ಇಲ್ಲದವರು ಶುದ್ಧೀಕರಣ ಯಂತ್ರದ ಕುಡಿಯುವ ನೀರನ್ನು ಒಂದೆರಡು ಲೀಟರ್ ಬಳಸಿಕೊಳ್ಳಲಿ. ಮನೆಯ ಗಿಡಗಳಿಗೆ ಬೇಕಾಗುವುದು ಅಷ್ಟೇ ಆದ್ದರಿಂದ ಇದು ದುಂದು ಎನಿಸುವುದಿಲ್ಲ. ಒಮ್ಮೆ ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು. ಉಳಿಸಿಟ್ಟರೆ ಮರುದಿನ ಅದರಲ್ಲಿ ಸತ್ತ್ವ ಇರುವುದಿಲ್ಲ.

ಸಿಂಪಡಿಸಲು ಸಂಜೆ ಐದರ ಮೇಲಿನ ಹೊತ್ತೇ ಸರಿ. ಸೋಪು ಹಸಿಯಾಗಿರುವಷ್ಟು ಹೊತ್ತು ಮಾತ್ರ ಕೊಲ್ಲುವುದರಿಂದ ಬಿಸಿಲಿನಲ್ಲಿ ಬೇಗ ಒಣಗಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಎಲೆಯೂ ಕಂದುತ್ತದೆ. ದಾಸವಾಳದ ವಿಷಯದಲ್ಲಿ ಈ ಹೊತ್ತು ಇನ್ನೊಂದು ರೀತಿಯಲ್ಲೂ ಅನುಕೂಲ. ಬಹುತೇಕ ಹೂಗಳು ಬೆಳಿಗ್ಗೆ ಅರಳಿ ಸಂಜೆಗೆ ಬಾಡುವುದರಿಂದ, ಆ ದಿನದ ಹೂವು ಪೂಜೆಗೆ ಹೋದ ಮೇಲೆ ಗಿಡ ನಮ್ಮ ಕೈಗೆ ಪೂರ್ತಿ ಬಿಡುವಾಗಿ ಸಿಗುತ್ತದೆ. ಆ ಹೊತ್ತಿಗೆ ಜೇನುನೊಣಗಳ ಓಡಾಟವೂ ಇಳಿದಿರುತ್ತದೆ. ಮೊದಲು ತೀರಾ ಮುದುರಿದ ಚಿಗುರುಗಳನ್ನು ಒಂದು ಗೇಣು ಕೆಳಗಿನಿಂದ ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಬಿಡಬೇಕು. ಅವನ್ನು ಬುಡದಲ್ಲೇ ಎಸೆದರೆ ಮರಿಗಳು ಮತ್ತೆ ಗಿಡ ಏರುತ್ತವೆ. ಉಳಿದ ಗಿಡಕ್ಕೆ ಕೊಳಾಯಿಯ ನೀರನ್ನು ಜೋರಾಗಿ ಹಾಯಿಸಿ ಸಡಿಲವಾದ ತಿಗಣೆ, ಮೇಣ, ಅಂಟುಗಳನ್ನು ತೊಳೆದು, ಎಲೆಯ ನೀರು ಸೋರಿದ ಮೇಲೆ ಸೋಪಿನ ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ, ಎಲೆಯ ಅಡಿಭಾಗ ತೊಯ್ದು ತೊಟ್ಟಿಕ್ಕುವ ತನಕ ಸಿಂಪಡಿಸಬೇಕು. ಮೇಲಿನಿಂದ ಹನಿಸುವುದು ಗಿಡಕ್ಕೆ ಸ್ನಾನವಾದೀತೇ ಹೊರತು ತಿಗಣೆಗೆ ತಗುಲುವುದಿಲ್ಲ.

ದ್ರಾವಣ ಸರಿಯಾಗಿದ್ದರೆ ಅದರ ಕೆಲಸ ಕಣ್ಣಿಗೇ ಕಾಣುತ್ತದೆ. ಬರೀ ನೀರು ಹಾಕಿದಾಗ ತಿಗಣೆಯ ಮೇಣದ ಮೇಲೆ ಹನಿಗಳು ಉಂಡೆಯಾಗಿ ಉರುಳಿಹೋಗುತ್ತವೆ. ಸೋಪಿನ ನೀರು ಹಾಗೆ ಉರುಳದೆ ಮೇಣದೊಳಕ್ಕೆ ಹರಡಿಕೊಳ್ಳುತ್ತದೆ. ಬೆಳ್ಳಗಿದ್ದ ಮೈ ನೋಡನೋಡುತ್ತಲೇ ಒದ್ದೆಯಾಗಿ ಮಾಸಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೋಪಿನ ಕೊಬ್ಬಿನ ಆಮ್ಲಗಳು ಮೆದುಮೈಯ ಕೀಟದ ಹೊರಚರ್ಮವನ್ನು ಕೆಡಿಸುವುದರಿಂದ ಅದರ ಮೈಯ ನೀರಿನಂಶ ಸೋರಿಹೋಗಿ ಅದು ಒಣಗುತ್ತದೆ. ಮರುದಿನ ಬೆಳಿಗ್ಗೆ ಬೆರಳು ತಾಗಿಸಿದರೆ ಸತ್ತವು ಕಂದು ಹೊಟ್ಟಿನಂತೆ ಉದುರುತ್ತವೆ. ಇನ್ನೂ ಬಿಳುಪಾಗಿ ಅಂಟಿಕೊಂಡಿರುವುವು ದ್ರಾವಣ ತಾಗದೆ ಉಳಿದವು. ಇದಕ್ಕೆ ಮೇಲಾಗಿ ಬೇವಿನಲ್ಲಿರುವ ಅಝಾಡಿರಾಕ್ಟಿನ್ ಎಂಬ ಅಂಶವು ಕೀಟದ ಮರಿಗಳು ಪೊರೆ ಕಳಚಿ ಬೆಳೆಯುವುದಕ್ಕೆ ಅಡ್ಡಿ ಮಾಡುತ್ತದೆ. ನನ್ನ ಅನುಭವದಲ್ಲಿ ಮರಿಗಳ ಮೇಲೆ ಸೋಪಿನ ಹಿಡಿತ ತುಂಬ ಚೆನ್ನಾಗಿದೆ, ಬಲಿತ ಹೆಣ್ಣುಗಳ ಮೇಲೆ ಪರವಾಗಿಲ್ಲ ಎನ್ನುವಷ್ಟು, ಹತ್ತಿಯಂತಹ ಚೀಲದೊಳಗಿನ ಮೊಟ್ಟೆಗಳ ಮೇಲೆ ಬಹಳ ಕಡಿಮೆ. ಆದ್ದರಿಂದ ಮೊಟ್ಟೆ ಒಡೆಯುವ ಲೆಕ್ಕ ಹಿಡಿದು ಏಳೆಂಟು ದಿನಗಳ ಅಂತರದಲ್ಲಿ ಮೂರು ಸಲ ಸಿಂಪಡಿಸುವುದು ಕಡ್ಡಾಯ. ಮೊದಲ ಸಲಕ್ಕೇ ಗಿಡ ಹಸನಾದಂತೆ ಕಂಡು ಕೈಬಿಟ್ಟವರ ಮನೆಯಲ್ಲಿ ತಿಂಗಳೊಳಗೆ ಮತ್ತೆ ಅದೇ ಬಿಳುಪು ಕಾಣಿಸಿಕೊಳ್ಳುತ್ತದೆ, ಬೈಗುಳ ಸೋಪಿಗೆ ಬೀಳುತ್ತದೆ.

ಸೋಪಿನ ಪೊಟ್ಟಣದ ಮೇಲೆ ಬರೆದಿರದ, ಆದರೆ ದಪ್ಪಕ್ಷರದಲ್ಲಿ ಬರೆಯಬೇಕಾದ ಮಾತು ಇರುವೆಯದು. ಹಿಟ್ಟು ತಿಗಣೆ ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುವುದು ಒಂದು ತೊಂದರೆ; ಅದೇ ಸಿಹಿಗಾಗಿ ಬರುವ ಇರುವೆಗಳು ತಿಗಣೆಗೆ ಕಾವಲು ನಿಲ್ಲುವುದು ಅದಕ್ಕಿಂತ ದೊಡ್ಡ ತೊಂದರೆ. ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನೂ, ಅದರ ಮೈಯಲ್ಲಿ ಮೊಟ್ಟೆಯಿಡುವ ಪುಟ್ಟ ಕಣಜಗಳನ್ನೂ ಇರುವೆಗಳು ಓಡಿಸುತ್ತವೆ. ಮರಿಗಳು ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದರಲ್ಲೂ ಅವುಗಳ ಪಾಲಿದೆ. ದಾಸವಾಳದ ಕಾಂಡದ ಮೇಲೆ ಇರುವೆಯ ಸಾಲು ಏರಿಳಿಯುತ್ತಿದೆ ಎಂದರೆ ಮೇಲೆಲ್ಲೋ ತಿಗಣೆಯೋ ಗಿಡದ ಹೇನೋ ಇದೆ ಎಂದೇ ತಿಳಿಯಬೇಕು. ಕುಂಡವನ್ನು ಮೂರು ಇಟ್ಟಿಗೆ ಚೂರುಗಳ ಮೇಲಿಟ್ಟು, ಆ ಚೂರುಗಳನ್ನು ಸೋಪಿನ ನೀರು ತುಂಬಿದ ಅಗಲ ತಟ್ಟೆಯಲ್ಲಿ ನಿಲ್ಲಿಸಿದರೆ ಇರುವೆ ದಾಟಲಾರದು, ಸೋಪಿನ ನೀರಾದ್ದರಿಂದ ಸೊಳ್ಳೆಯ ಮರಿಯೂ ಬದುಕದು. ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರಾಯಿತು. ನೆಲದಲ್ಲಿ ನೆಟ್ಟ ಗಿಡವಾದರೆ ಕಾಂಡದ ಸುತ್ತ ಅಗಲವಾದ ಟೇಪು ಸುತ್ತಿ ಟೇಪಿನ ಮೇಲೆ ಗ್ರೀಸು ಸವರಬಹುದು. ಗ್ರೀಸನ್ನು ತೊಗಟೆಗೆ ನೇರವಾಗಿ ಹಚ್ಚಬಾರದು. ಗೋಡೆಗೋ ಕಿಟಕಿಯ ಸರಳಿಗೋ ತಾಗುವ ಒಂದು ರೆಂಬೆಯನ್ನು ಬಿಟ್ಟರೂ ಇರುವೆಗೆ ಅದೇ ಸೇತುವೆಯಾಗುತ್ತದೆ ಎಂಬುದನ್ನು ನೆನಪಿಡಬೇಕು. ಇರುವೆಯನ್ನು ತಡೆದ ಗಿಡದಲ್ಲಿ ಮೂರನೆಯ ಸಿಂಪಡಣೆಯ ಹೊತ್ತಿಗೆ ಹುಡುಕಿದರೂ ತಿಗಣೆ ಸಿಗುವುದು ಅಪರೂಪ.

ಗುಲಗಂಜಿ ಹುಳುವಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಆಸ್ಟ್ರೇಲಿಯಾ ಮೂಲದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಯ ದೊಡ್ಡ ಶತ್ರು. ಕರ್ನಾಟಕದ ಕಾಫಿ ತೋಟಗಳಲ್ಲೂ ದ್ರಾಕ್ಷಿ ತೋಟಗಳಲ್ಲೂ ಅದನ್ನು ತಿಗಣೆಯ ಹತೋಟಿಗಾಗಿ ಬಿಡುತ್ತಾ ಬಂದಿದ್ದಾರೆ. ಅದರ ಮರಿಹುಳುವಿನ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ನೋಡುವವರ ಕಣ್ಣಿಗೆ ಅದೂ ಒಂದು ದೊಡ್ಡ ಹಿಟ್ಟು ತಿಗಣೆಯೆಂದೇ ಕಾಣುತ್ತದೆ. ತಿಗಣೆಗಿಂತ ಎರಡು ಮೂರು ಪಟ್ಟು ದೊಡ್ಡದಾದ, ಎಳೆಗಳು ಉದ್ದವಾಗಿ ಜೋಲುವ, ಮುಟ್ಟಿದರೆ ಚುರುಕಾಗಿ ಓಡುವ ಬಿಳಿ ಹುಳು ಕಂಡರೆ ಅದನ್ನು ಕೊಲ್ಲಬಾರದು, ಅದಿರುವ ರೆಂಬೆಗೆ ಸೋಪನ್ನೂ ಹೊಡೆಯಬಾರದು. ಇಂತಹ ಮಿತ್ರಕೀಟಗಳ ಶಕ್ತಿಯನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2008ರಲ್ಲಿ ಕೊಯಮತ್ತೂರಿನ ಬಳಿ ಪತ್ತೆಯಾದ ಪಪ್ಪಾಯಿ ಹಿಟ್ಟು ತಿಗಣೆ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತಾ ಕರ್ನಾಟಕಕ್ಕೂ ಹಬ್ಬಿದಾಗ, ದಾಸವಾಳವೂ ಅದರ ಬಾಯಿಗೆ ಬಿದ್ದಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಕೇಂದ್ರಕ್ಕೆ ತರಿಸಿದ ಪರಾವಲಂಬಿ ಕಣಜಗಳನ್ನು ಬೆಳೆಸಿ ಬಿಟ್ಟ ಮೇಲೆಯೇ ಆ ಹಾವಳಿ ಇಳಿದದ್ದು. ವಿಷ ಸುರಿದು ಗಿಡವನ್ನು ಬರಿದು ಮಾಡಿದಾಗ ಮೊದಲು ಸಾಯುವುದು ಇಂತಹ ನಾಜೂಕಾದ ಕೀಟಗಳು. ಸೋಪೂ ಅವುಗಳ ಮೈಮೇಲೆ ಬಿದ್ದರೆ ಕೊಲ್ಲಬಲ್ಲದು, ಆದರೆ ಒಣಗಿದ ಮೇಲೆ ಅವು ನಿರಾತಂಕವಾಗಿ ಮರಳಿ ಬರಬಹುದು ಎಂಬುದೇ ನಾನು ಇದನ್ನು ಮೆಚ್ಚಲು ಮುಖ್ಯ ಕಾರಣ.

ಸೋಪಿನಿಂದ ಆಗದ ಕೆಲಸಗಳ ಬಗ್ಗೆಯೂ ಸ್ಪಷ್ಟವಾಗಿರಬೇಕು. ಮೊಗ್ಗು ಹಳದಿಯಾಗಿ ಅರಳುವ ಮೊದಲೇ ಉದುರುತ್ತಿದೆ ಎಂದು ಸೋಪು ಕೊಳ್ಳಲು ಹೊರಟವರು ಮೊದಲು ಉದುರಿದ ಮೊಗ್ಗನ್ನು ಬ್ಲೇಡಿನಿಂದ ಸೀಳಿ ನೋಡಲಿ. ಒಳಗೆ ಸಣ್ಣ, ಬೆಳ್ಳಗಿನ, ನೆಗೆಯುವ ಹುಳುಗಳಿದ್ದರೆ ಅದು ಮೊಗ್ಗಿನ ನೊಣದ ಕೆಲಸ. ಮಲ್ಲಿಗೆಯ ಮೊಗ್ಗನ್ನು ಕೆಡಿಸುವುದೂ ಅದೇ ಕೀಟ. ಹುಳು ಮೊಗ್ಗಿನೊಳಗಿರುವುದರಿಂದ ಸೋಪು ಅದನ್ನು ಮುಟ್ಟುವುದಿಲ್ಲ. ಉದುರಿದ ಮೊಗ್ಗುಗಳನ್ನೂ ಹಳದಿಗಟ್ಟಿದವನ್ನೂ ದಿನವೂ ಆಯ್ದು ಚೀಲದಲ್ಲಿ ಕಟ್ಟಿ ಎಸೆದರೆ, ಮಣ್ಣಿಗಿಳಿದು ಕೋಶವಾಗುವ ಹುಳುಗಳ ಸರಣಿ ತುಂಡಾಗುತ್ತದೆ. ಮೊಗ್ಗಿನೊಳಗೆ ಏನೂ ಇಲ್ಲದಿದ್ದರೆ ನೀರಿನ ಏರುಪೇರನ್ನೋ ಬಿಸಿಲಿನ ಕೊರತೆಯನ್ನೋ ಹುಡುಕಬೇಕು. ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುವುದು ಹೆಚ್ಚಾಗಿ ಕಬ್ಬಿಣದ ಕೊರತೆ. ಗಡಸು ನೀರು ಹಾಯಿಸಿದ ಕುಂಡದ ಮಣ್ಣು ಕ್ಷಾರವಾದಾಗ ಹೀಗಾಗುತ್ತದೆ, ಅದಕ್ಕೂ ಕೀಟಕ್ಕೂ ಸಂಬಂಧವಿಲ್ಲ. ಹೇನು ಮತ್ತು ಬಿಳಿ ನೊಣಗಳ ಮೇಲೆ ಸೋಪು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನುಸಿಯ ಮೇಲೆ ಎಲೆಯ ಅಡಿ ಪೂರ್ತಿ ತೊಯ್ದರೆ ಮಾತ್ರ. ಕಾಂಡಕ್ಕೆ ಚಿಪ್ಪಿನಂತೆ ಅಂಟಿದ ಬಲಿತ ಶಲ್ಕ ಕೀಟಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯುವುದೇ ಮೇಲು.

ಗಿಡದ ಆರೈಕೆ ಸರಿಯಿಲ್ಲದಿದ್ದರೆ ಯಾವ ಸೋಪೂ ಹೂವು ತರಲಾರದು. ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೆರಳಿನ ಬಾಲ್ಕನಿಯಲ್ಲಿ ಎಲೆ ಹಚ್ಚಗೆ ಬೆಳೆದು ಹೂವು ಕಡಿಮೆಯಾಗುತ್ತದೆ, ಗಾಳಿಯಾಡದ ಅಂತಹ ಮೂಲೆಯಲ್ಲೇ ತಿಗಣೆಯೂ ಹೆಚ್ಚು. 12ರಿಂದ 14 ಅಂಗುಲದ ಕುಂಡದಲ್ಲಿ ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ನೀರು ನಿಲ್ಲದೆ ತೇವ ಉಳಿಯುತ್ತದೆ. ಹೂವು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಮಳೆಗಾಲದ ಆರಂಭದಲ್ಲಿ ರೆಂಬೆಗಳನ್ನು ಮೂರನೆಯ ಒಂದು ಭಾಗದಷ್ಟು ಸವರಿ, ಒಳಮುಖವಾಗಿ ಬೆಳೆದವನ್ನು ಬುಡದಿಂದಲೇ ತೆಗೆಯುವುದು ಹೂವಿಗೂ ಒಳ್ಳೆಯದು, ಸೋಪು ಎಲ್ಲೆಡೆ ತಲುಪುವುದಕ್ಕೂ ಒಳ್ಳೆಯದು. ಸಾರಜನಕದ ಗೊಬ್ಬರವನ್ನು ಕೈತುಂಬ ಹಾಕುವ ಆಸೆಗೆ ಮಾತ್ರ ಬೀಳಬಾರದು. ಅದರಿಂದ ಬರುವ ಎಳೆಯ, ರಸಭರಿತ ಚಿಗುರು ಹಿಟ್ಟು ತಿಗಣೆಗೆ ಹಬ್ಬದೂಟ. ಬೇಸಿಗೆಯಲ್ಲಿ ಬೆಳಿಗ್ಗೆ ಬುಡಕ್ಕೆ ನೀರುಣಿಸಿ, ಒಂದು ನಿಮಿಷ ಎಲೆಯ ಅಡಿಯನ್ನು ನೋಡಿಬಿಟ್ಟರೆ ಕೀಟವನ್ನು ಮೊದಲ ರೆಂಬೆಯಲ್ಲೇ ಹಿಡಿಯಬಹುದು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿದರೇ ಸಾಕಾಗುವ ಹಂತ ಅದು, ಸೋಪಿನ ಅಗತ್ಯವೂ ಬೀಳುವುದಿಲ್ಲ.

ಬದಲಿ ಪದಾರ್ಥಗಳನ್ನೂ ಹೋಲಿಸಿ ನೋಡಿದ್ದೇನೆ. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ ಹೊಡೆಯಿರಿ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಅದು ನಿಜವಾದ ಅರ್ಥದಲ್ಲಿ ಸೋಪಲ್ಲ, ಕೃತಕ ಮಾರ್ಜಕ; ಜಿಡ್ಡು ತೆಗೆಯಲೆಂದೇ ಮಾಡಿದ ಅದು ಎಲೆಯ ಮೇಲಿನ ಮೇಣದ ಪದರವನ್ನೂ ಕಿತ್ತುಹಾಕುವುದರಿಂದ ದಾಸವಾಳದ ಎಳೆಯ ಎಲೆಗಳ ಅಂಚು ಒಣಗುತ್ತದೆ. ಇದೇ ಹೆಸರಘಟ್ಟದ ಸಂಸ್ಥೆ ರೂಪಿಸಿರುವ ಹೊಂಗೆ ಸೋಪು ಬಳಕೆಯಲ್ಲಿ ಬೇವಿನ ಸೋಪಿಗೆ ಸರಿಸಮನಾಗಿದೆ. ವಾಸನೆ ನನಗೆ ಸ್ವಲ್ಪ ಸಹ್ಯವೆನಿಸಿತು. ಎರಡನ್ನೂ ಒಂದಾದ ಮೇಲೊಂದರಂತೆ ಬಳಸುವುದರಲ್ಲಿ ತಪ್ಪಿಲ್ಲ. ಅಂಗಡಿಗಳಲ್ಲಿ ಸಿಗುವ, ನೀರಿಗೆ ಬೆರೆಯುವಂತೆ ಮಾಡಿದ ಬೇವಿನೆಣ್ಣೆಯ ಸೀಸೆಗಳು ಅನುಕೂಲಕರವಾದರೂ ಅವುಗಳ ಸತ್ತ್ವ ಸೀಸೆಯಿಂದ ಸೀಸೆಗೆ ಬೇರೆಯಾಗಿರುವಂತೆ ಕಂಡಿತು.

ಸೋಪಿನ ಕೊರತೆಗಳು ಇಲ್ಲವೆಂದಲ್ಲ. ಮೊದಲನೆಯದು ಅಳತೆ. ಲೀಟರಿಗೆ 10 ಗ್ರಾಂ ಎಂದೇ ಇಟ್ಟುಕೊಂಡರೂ ಒಂದು ಕಿಲೋ ಸೋಪಿನಿಂದ ನೂರು ಲೀಟರ್ ದ್ರಾವಣವಾಗುತ್ತದೆ. ಹತ್ತು ಕುಂಡಗಳಿರುವ ಮನೆಗೆ ಒಂದು ಸಲಕ್ಕೆ ಎರಡು ಲೀಟರ್ ಸಾಕು, ಮೂರು ಸಲಕ್ಕೆ 60 ಗ್ರಾಂ. ರೈತರ ಲೆಕ್ಕದಲ್ಲಿ ಕಟ್ಟಿದ ದೊಡ್ಡ ಪೊಟ್ಟಣ ಮನೆಯವರಿಗೆ ವರ್ಷಗಟ್ಟಲೆ ಮುಗಿಯುವುದಿಲ್ಲ, ಅಷ್ಟರಲ್ಲಿ ಬೇವಿನ ಗುಣ ಕುಂದುತ್ತದೆ. ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡು ಹಂಚಿಕೊಳ್ಳುವುದೇ ಸರಿಯಾದ ದಾರಿ. ನೂರು ಗ್ರಾಂನ ಸಣ್ಣ ಬಿಲ್ಲೆಗಳು ಎಲ್ಲೆಡೆ ಸಿಗುವಂತಾದರೆ ನಗರದ ತೋಟಗಾರರಿಗೆ ದೊಡ್ಡ ಉಪಕಾರವಾಗುತ್ತದೆ. ಎರಡನೆಯದು ಒಂದೇ ಸಮನಾದ ಗುಣಮಟ್ಟದ ಪ್ರಶ್ನೆ. ಒಬ್ಬ ತಯಾರಕರ ಪೊಟ್ಟಣದಲ್ಲಿ ತಯಾರಾದ ತಿಂಗಳಿನ ಮುದ್ರೆ ಓದಲಾರದಷ್ಟು ಮಸುಕಾಗಿತ್ತು, ಸೋಪು ಪುಡಿಪುಡಿಯಾಗಿ ವಾಸನೆಯೇ ಇಲ್ಲದಂತಾಗಿತ್ತು, ಅದರಿಂದ ಬಂದ ಫಲವೂ ಅಷ್ಟಕ್ಕಷ್ಟೇ. ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ, ಮೂಗಿಗೆ ಹಿಡಿದು ಬೇವಿನ ಘಾಟು ಖಚಿತಪಡಿಸಿಕೊಂಡು ಕೊಳ್ಳಬೇಕು. ಬೆಂಗಳೂರಿನ ಆಸುಪಾಸಿನವರು ಸಾಧ್ಯವಾದರೆ ಹೆಸರಘಟ್ಟದ ಸಂಸ್ಥೆಯ ಮಾರಾಟ ಕೇಂದ್ರದಲ್ಲೇ ವಿಚಾರಿಸಲಿ ಎಂಬುದು ನನ್ನ ಸಲಹೆ. ಬೀಜ, ಸೂಕ್ಷ್ಮಜೀವಿ ಗೊಬ್ಬರಗಳನ್ನೂ ಅಲ್ಲಿ ವಿಚಾರಿಸಬಹುದು. ದೂರದವರು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ದಾರಿ ಗೊತ್ತಾಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ನಾಲ್ಕು ತಿಂಗಳು ಈ ಸೋಪಿನಿಂದ ಹೆಚ್ಚಿನ ಪ್ರಯೋಜನ ಕಾಣದು. ಸಿಂಪಡಿಸಿದ ಅರ್ಧ ಗಂಟೆಯಲ್ಲಿ ಮಳೆ ಬಂದು ತೊಳೆದುಹೋಗುತ್ತದೆ; ಆ ಜಡಿಮಳೆಗೆ ತಿಗಣೆಯೂ ತಾನಾಗಿಯೇ ಕಡಿಮೆಯಾಗಿರುತ್ತದೆ. ಅವರು ಡಿಸೆಂಬರ್ ಹೊತ್ತಿಗೆ ಸೋಪು ಕೊಂಡಿಟ್ಟುಕೊಂಡರೆ ಸಾಕು. ತಾರಸಿಯಲ್ಲಿ ತಾವರೆಯ ತೊಟ್ಟಿಯಿಟ್ಟು ಅದರಲ್ಲಿ ಮೀನು ಬಿಟ್ಟಿರುವವರು ಸಿಂಪಡಿಸುವ ಮುನ್ನ ತೊಟ್ಟಿಯನ್ನು ಮುಚ್ಚಬೇಕು, ಏಕೆಂದರೆ ಸೋಪಿನ ನೀರು ಮೀನುಗಳಿಗೆ ಆಗಿಬರುವುದಿಲ್ಲ. ಹೂವನ್ನು ಅಡುಗೆಗೆ, ಎಲೆಯನ್ನು ತಲೆಗೆ ಬಳಸುವವರು ಸಿಂಪಡಿಸಿದ ಮೇಲೆ ಕೆಲವು ದಿನ ಬಿಟ್ಟು ಚೆನ್ನಾಗಿ ತೊಳೆದು ಬಳಸಲಿ. ಬೇವಿನ ಕಹಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನರ್ಸರಿಯಿಂದ ಹೊಸ ಗಿಡ ತಂದವರು ಅದನ್ನು ಎರಡು ವಾರ ಬೇರೆಯಾಗಿಯೇ ಇಟ್ಟು, ಕುಂಡದ ಅಂಚಿನ ಅಡಿಯನ್ನೂ ಎಲೆಯ ಕಂಕುಳನ್ನೂ ಪರೀಕ್ಷಿಸಿ, ಒಮ್ಮೆ ಸೋಪು ಸಿಂಪಡಿಸಿದ ಮೇಲೆಯೇ ಉಳಿದ ದಾಸವಾಳಗಳ ಸಾಲಿಗೆ ಸೇರಿಸಬೇಕು. ಹೊಸ ಜಾತಿಯ ಗಿಡವಾದರೆ ಪೂರ್ತಿ ಸಿಂಪಡಿಸುವ ಎರಡು ದಿನ ಮೊದಲು ಮೂರು ನಾಲ್ಕು ಎಲೆಗಳಿಗಷ್ಟೇ ದ್ರಾವಣ ಹಾಕಿ, ಅಂಚು ಕಂದುತ್ತದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಹೊರದೇಶದ ಬಣ್ಣಬಣ್ಣದ ಹೈಬ್ರಿಡ್ ದಾಸವಾಳಗಳು ನಮ್ಮ ಐದೆಸಳಿನ ಕೆಂಪು ದಾಸವಾಳದಷ್ಟು ಗಟ್ಟಿಮುಟ್ಟಲ್ಲ, ಅವುಗಳಿಗೆ ಲೀಟರಿಗೆ 5 ಗ್ರಾಂ ಮೀರಿಸಬಾರದು.